ರೇಷ್ಮೆ: ಚರಿತ್ರೆಯೂ ಹಲಾಲ್ ಗಳಿಕೆಯೂ

ಕೊಳ್ಳೇಗಾಲದಿಂದ ಹನೂರಿಗೆ ಸಾಗುವ ಹಾದಿಯಲ್ಲಿ ಮಧುವನಹಳ್ಳಿಯಿದೆ. ಈ ಸೀಮೆ ರೇಷ್ಮೆಗೆ ಹೆಸರಾದುದೆಂದು ನಾವೆಲ್ಲರೂ ಬಲ್ಲೆವು. ಅದರ ಹಿಂದಿನ ಚರಿತ್ರೆಯನ್ನು ಬಲ್ಲವರು ವಿರಳ. ಚೀನಾದಲ್ಲಿ ಹುಟ್ಟಿದ ಈ ಕಸುಬನ್ನು ಮೈಸೂರು ರಾಜ್ಯದಲ್ಲಿ ಬೇರೂರಿಸಿದವರು ಟಿಪ್ಪು ಸುಲ್ತಾನರು. ಅವರು ಬಂಗಾಳದಿಂದ ಹುಳುಗಳನ್ನು ತರಿಸಿ, 21 ಕೇಂದ್ರಗಳಲ್ಲಿ ಸಾಕಣೆಗೆ ಏರ್ಪಾಡು ಮಾಡಿದರು. 1799ರಲ್ಲಿ ಅವರು ಹುತಾತ್ಮರಾದ ಬಳಿಕ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರಲ್ಲಿ ಮೈಸೂರಿಗೆ ಮರಳಿತು. ಆಳುವವರು ಬದಲಾದರೂ ಹಿಪ್ಪುನೇರಳೆಯ ತೋಟಗಳು ಉಳಿದವು.

ಸೊಪ್ಪು ತಿಂದು, ನಾಲ್ಕು ಜ್ವರ ದಾಟಿ, ಸುಮಾರು 25 ದಿನಗಳಲ್ಲಿ ಗೂಡು ಕಟ್ಟುವ ಹುಳುವಿನ ಒಂದೇ ಎಳೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದವಿರಬಲ್ಲದು. ಅಲ್ಲಾಹನ ಸೃಷ್ಟಿಯ ಈ ಕೌಶಲಕ್ಕೆ ಬೆರಗಾಗದಿರಲಾದೀತೇ?

ಪುರುಷರಿಗೆ ರೇಷ್ಮೆ ನಿಷಿದ್ಧವಾಗಿರುವಾಗ ಅದರ ಕಸುಬು ಸಲ್ಲುವುದೇ ಎಂದು ಕೆಲವು ಮನೆಗಳಲ್ಲಿ ಅಳುಕುಂಟು. ಪ್ರವಾದಿಯವರು(ಸ) ಹಝ್ರತ್ ಉಮರ್‌ರಿಗೆ(ರ) ರೇಷ್ಮೆಯ ಉಡುಪೊಂದನ್ನು ಕಳುಹಿಸಿ, ಅದು ತೊಡಲಿಕ್ಕಲ್ಲ, ಮಾರಿ ಉಪಯೋಗ ಪಡೆಯಲಿಕ್ಕೆ ಎಂದು ತಿಳಿಸಿದ ಪ್ರಸಂಗ ಹದೀಸ್‌ಗಳಲ್ಲಿದೆ. ಸ್ತ್ರೀಯರಿಗಂತೂ ಅದನ್ನು ತೊಡಲು ಅನುಮತಿಯಿದೆ. ಆದುದರಿಂದ ಬಿಸಿನೀರಿನಲ್ಲಿ ಬೆರಳು ನೋಯಿಸಿಕೊಂಡು ನೂಲು ತೆಗೆಯುವ ನಮ್ಮ ಸೋದರ ಸೋದರಿಯರ ಸಂಪಾದನೆ ಹಲಾಲ್ ಸಂಪಾದನೆ. ಅದನ್ನು ಕೀಳೆಂದು ಬಗೆಯದಿರೋಣ. ಮಕ್ಕಳಿಗೂ ಇದನ್ನು ತಿಳಿಸೋಣ.