ಹೊಸ ಸ್ಪೀಕರ್ ಪಳಗಬೇಕೆ? ಗೋಕಾಕ ಸೀಮೆಯ ನೆಲೆಯಿಂದ ಒಂದು ಪರಿಶೀಲನೆ

ಹಲಗೆ ಬಾರಿಸುವವರು ಮೊದಲು ಬೆಂಕಿ ಹಾಕಿ ಚರ್ಮ ಕಾಯಿಸುತ್ತಾರೆ. ತೇವ ಆರಿ ಚರ್ಮ ಬಿಗಿಯುತ್ತದೆ, ನಾದ ಏರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜಾತ್ರೆ ಕಂಡವರಿಗೆ ಇದು ಹೊಸದಲ್ಲ. ಹೊಸ ಸ್ಪೀಕರನ್ನೂ ಹತ್ತಾರು ತಾಸು ಓಡಿಸಿ ಪಳಗಿಸಿದರೇ ದನಿ ಬಿಚ್ಚುತ್ತದೆ ಎಂಬ ನಂಬಿಕೆ ಧ್ವನಿವರ್ಧಕ ಬಳಸುವವರಲ್ಲಿ ಬಲವಾಗಿದೆ. ಬದಲಾವಣೆ ನಿಜ, ಆದರೆ ಅದು ಹಲಗೆಗೆ ತದ್ವಿರುದ್ಧ ದಿಕ್ಕಿನದು, ಪ್ರಮಾಣದಲ್ಲೂ ಅಲ್ಪ.

ಸ್ಪೀಕರಿನ ಕೋನನ್ನು ನಡುವೆ ಹಿಡಿದಿಡುವುದು ಸ್ಪೈಡರ್ ಎಂಬ ಸುಕ್ಕುಸುಕ್ಕಾದ ಬಟ್ಟೆ. ಹತ್ತಿಬಟ್ಟೆಗೆ ರಾಳ ಹಚ್ಚಿ, ಬಿಸಿ ಅಚ್ಚಿನಲ್ಲಿ ಒತ್ತಿ ಅದನ್ನು ಮಾಡುತ್ತಾರೆ. ಮೊದಲ ಸಲ ಜೋರಾಗಿ ಬಾಗಿದಾಗ ರಾಳದ ಬಿಗಿತ ಸಡಿಲುತ್ತದೆ. ಕೋನಿನ ಸಹಜ ಕಂಪನಾಂಕ ಇಳಿಯುತ್ತದೆ. ಸಡಿಲಿಕೆಯ ಬಹುಪಾಲು ಆರಂಭದ ಓಟದಲ್ಲೇ ಮುಗಿಯುತ್ತದೆ.

ಈ ಇಳಿಕೆಯನ್ನು 1960-70ರ ದಶಕಗಳಲ್ಲಿ ಥೀಲ್ ಮತ್ತು ಸ್ಮಾಲ್ ರೂಪಿಸಿದ ಸೂತ್ರಗಳಿಂದ ಲೆಕ್ಕ ಹಾಕಬಹುದು. ಸ್ಪೈಡರಿನ ನಮ್ಯತೆ ಶೇ. 20ರಷ್ಟು ಹೆಚ್ಚಿತೆನ್ನೋಣ. 40 ಹರ್ಟ್ಸ್‌ನ ಬಿಡಿ ಸ್ಪೀಕರ್ ಸುಮಾರು 36.5ಕ್ಕೆ ಇಳಿಯುತ್ತದೆ. ಅದನ್ನೇ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರೆ ಒಳಗಿನ ಗಾಳಿಯೂ ಸ್ಪ್ರಿಂಗಿನಂತೆ ತಡೆಯುತ್ತದೆ. ಆ ಗಾಳಿಯ ಬಿಗಿತ ಸ್ಪೈಡರಿನ ಮೂರು ಪಟ್ಟಿದ್ದರೆ ಒಟ್ಟು ಇಳಿಕೆ ಶೇ. 2 ಮಾತ್ರ. ಬಿಡಿ ಸ್ಪೀಕರ್ ಅಳೆದು ಪೆಟ್ಟಿಗೆಯ ಬಗ್ಗೆ ತೀರ್ಪು ಕೊಡುವುದು ತಪ್ಪಾಗುವುದು ಇಲ್ಲಿಯೇ.

ಇನ್ನು ನಮ್ಮ ಸೀಮೆಯಲ್ಲಿ ಸ್ಪೀಕರ್ ಹೊರುವ ಹಾಡು ಎಂಥದ್ದು? ಇಂದು ಮೂಡಲಗಿ ತಾಲೂಕಿನಲ್ಲಿರುವ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತದ ಆಟವನ್ನೇ ನೋಡಿ. ಏರುದನಿಯ ಹಾಡಿಕೆ, ಹಾರ್ಮೋನಿಯಂ, ತಾಳ ಇವುಗಳ ಜೀವಾಳವೆಲ್ಲ 40 ಹರ್ಟ್ಸ್‌ಗಿಂತ ಬಹಳ ಮೇಲಿದೆ. ಅಂಥ ಆಟಕ್ಕೆ ಪಳಗಿದ ಸ್ಪೀಕರ್, ಪಳಗದ ಸ್ಪೀಕರ್ ಎಂಬ ಭೇದ ಕೇಳಿಸಲಾರದು. ಭೇದವೇನಾದರೂ ಉಂಟಾದರೆ ಅದು ತೀರ ಕೆಳದನಿಯಲ್ಲಿ.

ರಾತ್ರಿಯ ಆಟದಲ್ಲಿ ದನಿ ಬದಲಾದದ್ದು ಹಲವರ ಅನುಭವ. ಅದಕ್ಕೆ ಬೇರೆ ಕಾರಣವಿದೆ. ಕೋನನ್ನು ಅಲುಗಿಸುವ ತಂತಿಯ ಸುರುಳಿ ಕಾದಂತೆ ಅದರ ತಾಮ್ರದ ರೋಧ ಡಿಗ್ರಿಗೆ ಸುಮಾರು ಶೇ. 0.39ರಂತೆ ಏರುತ್ತದೆ, 100 ಡಿಗ್ರಿ ಏರಿದರೆ ಶೇ. 39. ದನಿ ಕುಗ್ಗುತ್ತದೆ, ಸುರುಳಿ ಆರಿದ ಮೇಲೆ ಮರಳುತ್ತದೆ. ಪಳಗುವಿಕೆ ಹೀಗೆ ಹಿಂದಕ್ಕೆ ಬರುವುದಿಲ್ಲ. ಜೊತೆಗೆ ಕಿವಿಯೂ ಹೊಸ ದನಿಗೆ ಒಗ್ಗಿಕೊಳ್ಳುತ್ತದೆ. ಈ ಅಂಶವನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಆದ್ದರಿಂದ ಮೈಕ್‌ಸೆಟ್ಟಿನವರಲ್ಲಿ ಒಂದೇ ಕೋರಿಕೆ: ಕರಕರ ಉಜ್ಜುವ ಹೊಸ ಸ್ಪೀಕರ್ ಓಡಿಸಿದಂತೆ ಸರಿಹೋದೀತೆಂದು ಕಾಯಬೇಡಿ. ತಂದ ದಿನವೇ ಬಾರಿಸಿ ನೋಡಿ, ವಾರಂಟಿ ಮುಗಿಯುವ ಮುನ್ನ ಮರಳಿಸಿ.