ಮೊರಾರ್ಜಿ ದೇಸಾಯಿ: ಆರ್ಥಿಕ ನಿಲುವು ಮತ್ತು ಸರ್ಕಾರಿ ವೆಚ್ಚ

ಮೊರಾರ್ಜಿ ರಣಛೋಡ್‌ಜಿ ದೇಸಾಯಿ (1896–1995) ಕೇಂದ್ರ ಹಣಕಾಸು ಸಚಿವರಾಗಿ ಎರಡು ಮಧ್ಯಂತರ ಬಜೆಟ್ ಸೇರಿ ಹತ್ತು ಬಜೆಟ್ ಮಂಡಿಸಿದರು. ಹುಟ್ಟಿದ್ದು ಫೆಬ್ರುವರಿ 29ರಂದು. ಆಗ ಬಜೆಟ್ ಫೆಬ್ರುವರಿಯ ಕೊನೆಗೆ ಬರುತ್ತಿದ್ದರಿಂದ 1960 ಮತ್ತು 1968ರ ಬಜೆಟ್‌ಗಳು ಅವರ ಹುಟ್ಟುಹಬ್ಬದ ದಿನವೇ ಬಂದವು. ಅವರನ್ನು ಕಾಂಗ್ರೆಸ್ಸಿನ ಬಲಪಂಥೀಯರೆಂದು ಕರೆಯುವುದು ರೂಢಿ. ಆ ಹೆಸರು ಅವರಿಗೆ ಅರ್ಧವಷ್ಟೇ ಒಪ್ಪುತ್ತದೆ. ರಾಜಾಜಿಯವರ ಸ್ವತಂತ್ರ ಪಕ್ಷ ಲೈಸೆನ್ಸ್-ಪರ್ಮಿಟ್ ಆಡಳಿತವನ್ನು ಹಳಿಯುತ್ತಿದ್ದ ಕಾಲದಲ್ಲಿ ದೇಸಾಯಿ ಪಂಚವಾರ್ಷಿಕ ಯೋಜನೆಗಳಿಗೆ ಹಣ ಹೊಂದಿಸುತ್ತಿದ್ದರು. ಸರ್ಕಾರ ಎಷ್ಟು ಖರ್ಚು ಮಾಡುತ್ತದೆ ಎನ್ನುವುದಕ್ಕಿಂತ ಜನ ಯಾವುದಕ್ಕೆ ಖರ್ಚು ಮಾಡುತ್ತಾರೆ ಎನ್ನುವುದರ ಮೇಲೆ ಅವರ ಕಣ್ಣು ಹೆಚ್ಚಾಗಿತ್ತು.

ಈ ದೃಷ್ಟಿಯ ಬೇರು ಮುಂಬಯಿ ಪ್ರಾಂತದಲ್ಲಿದೆ. ಡೆಪ್ಯುಟಿ ಕಲೆಕ್ಟರ್ ಹುದ್ದೆಯನ್ನು 1930ರಲ್ಲಿ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಬಂದ ದೇಸಾಯಿ, ಮುಂದೆ ಅಲ್ಲಿ ಮಂತ್ರಿಯಾಗಿ, 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿ ಪಾನನಿಷೇಧವನ್ನು ಬಿಗಿಯಾಗಿ ನಡೆಸಿದರು. ಖಜಾನೆಗೆ ಬರುವ ಅಬಕಾರಿ ವರಮಾನ ತಪ್ಪಿಹೋಗುವುದನ್ನು ಅವರು ನಷ್ಟವೆಂದು ಎಣಿಸಲಿಲ್ಲ.

ಜೀವ ವಿಮಾ ನಿಗಮದ ಹಣ ಹೂಡಿಕೆಯ ಮುಂಧ್ರಾ ಹಗರಣದಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟ ಮೇಲೆ, 1958ರ ಮಾರ್ಚ್‌ನಲ್ಲಿ ದೇಸಾಯಿ ಹಣಕಾಸು ಖಾತೆಗೆ ಬಂದರು. ಆ ವರ್ಷದ ಬಜೆಟ್ಟನ್ನು ನೆಹರೂ ಅವರೇ ಮಂಡಿಸಿ ಆಗಿತ್ತು. ಎರಡನೆಯ ಯೋಜನೆಯ ಭಾರಿ ಕೈಗಾರಿಕೆಗಳಿಗೆ ಯಂತ್ರ ತರಿಸಿ ತರಿಸಿ ವಿದೇಶಿ ವಿನಿಮಯ ಬರಿದಾಗುತ್ತಿತ್ತು. ವಿಶ್ವಬ್ಯಾಂಕಿನ ಮುಂದಾಳತ್ವದಲ್ಲಿ ಭಾರತಕ್ಕೆ ನೆರವು ನೀಡುವ ದೇಶಗಳ ಒಕ್ಕೂಟ ರೂಪುಗೊಂಡದ್ದು ಅದೇ ವರ್ಷ. ಸ್ವಾವಲಂಬನೆಯ ಮಾತಾಡುತ್ತಿದ್ದ ಗಾಂಧೀವಾದಿ ಸಾಲಕ್ಕಾಗಿ ಪಶ್ಚಿಮದ ರಾಜಧಾನಿಗಳನ್ನು ಸುತ್ತಬೇಕಾಯಿತು. ಯೋಜನೆಯ ಗಾತ್ರವನ್ನು ಅವರು ಪ್ರಶ್ನಿಸಲಿಲ್ಲ. ಅದಕ್ಕೆ ಬೇಕಾದ ದುಡ್ಡನ್ನು ತೆರಿಗೆ ಮತ್ತು ಉಳಿತಾಯದಿಂದ ಎತ್ತಬೇಕೆಂದರು.

ಚೀನಾ ಯುದ್ಧದ ಬಳಿಕ ಬಂದ 1963ರ ಬಜೆಟ್ ಈ ಮನೋಧರ್ಮದ ತುತ್ತತುದಿ. ರಕ್ಷಣಾ ವೆಚ್ಚ ಒಮ್ಮೆಲೇ ಏರಿತ್ತು. ಕಂಪನಿಗಳ ಮೇಲೆ ಅಧಿಕ ಲಾಭ ತೆರಿಗೆ ಬಿತ್ತು. ಸಂಬಳದಾರರಿಗೂ ಭೂಕಂದಾಯ ಕಟ್ಟುವವರಿಗೂ ಕಡ್ಡಾಯ ಠೇವಣಿ ಬಂತು. ಉಳಿಸದವರಿಂದ ಕಾನೂನೇ ಉಳಿತಾಯ ಮಾಡಿಸುವುದು ಈ ಠೇವಣಿಯ ಒಳಗುಟ್ಟು. ತೆರಿಗೆ, ಠೇವಣಿ ಎರಡೂ ಹೆಚ್ಚು ಕಾಲ ಬಾಳಲಿಲ್ಲ.

ಇವೆಲ್ಲಕ್ಕಿಂತ ಆಳವಾಗಿ ಮನೆಮನೆಗೆ ತಟ್ಟಿದ್ದು ಚಿನ್ನ ನಿಯಂತ್ರಣ. 1963ರ ಜನವರಿಯಲ್ಲಿ, ಭಾರತ ರಕ್ಷಣಾ ನಿಯಮಗಳ ಬಲದಿಂದ, 14 ಕ್ಯಾರಟ್‌ಗಿಂತ ಶುದ್ಧವಾದ ಒಡವೆ ಮಾಡುವುದನ್ನು ನಿಷೇಧಿಸಲಾಯಿತು. ಗಟ್ಟಿ ಚಿನ್ನ ಇಟ್ಟುಕೊಂಡವರು ಲೆಕ್ಕ ಒಪ್ಪಿಸಬೇಕಿತ್ತು. ಲೆಕ್ಕಾಚಾರ ಕಾಗದದ ಮೇಲೆ ಸರಿಯಾಗಿಯೇ ಇತ್ತು: ಬೇಡಿಕೆ ಇಳಿದರೆ ಕಳ್ಳಸಾಗಣೆ ಇಳಿಯುತ್ತದೆ, ವಿದೇಶಿ ವಿನಿಮಯ ಉಳಿಯುತ್ತದೆ. ಆದರೆ ಚಿನ್ನ ಈ ದೇಶದಲ್ಲಿ ಬರಿಯ ಭೋಗವಲ್ಲ. ಬ್ಯಾಂಕಿನ ಮುಖ ಕಾಣದ ಹೆಂಗಸಿಗೆ ಅದೇ ಆಪದ್ಧನ. ಮಳೆ ಕೈಕೊಟ್ಟ ವರ್ಷ ಗಿರವಿಗೆ ಹೋಗಿ, ಬೆಳೆ ಬಂದಾಗ ಬಿಡಿಸಿಕೊಂಡು ಬರುವ ಗಂಟು. ಪೆಡಸಾದ 14 ಕ್ಯಾರಟ್ ಚಿನ್ನ ನವುರಾದ ಕುಸುರಿಗೆ ಬಗ್ಗುವುದಿಲ್ಲ. ಕೊಳ್ಳುವವರೂ ಅದನ್ನು ಕೇಳಲಿಲ್ಲ. ಅಕ್ಕಸಾಲಿಗರ ಕುಲುಮೆಗಳು ತಣ್ಣಗಾದವು. ದೇಶದ ಹಲವೆಡೆ ಆ ಕುಟುಂಬಗಳು ಬೀದಿಗೆ ಬಿದ್ದವು, ಆತ್ಮಹತ್ಯೆಗಳೂ ನಡೆದವು. ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ. ಕ್ಯಾರಟ್ ಮಿತಿಯನ್ನು 1966ರಲ್ಲಿ ಕೈಬಿಡಲಾಯಿತು. ಅಷ್ಟರಲ್ಲಿ ದೇಸಾಯಿ 1963ರ ಆಗಸ್ಟ್‌ನಲ್ಲಿ, ಹಿರಿಯ ಸಚಿವರು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಬೇಕೆಂಬ ಕಾಮರಾಜ್ ಯೋಜನೆಯಂತೆ, ಸಂಪುಟ ಬಿಟ್ಟಿದ್ದರು.

1967ರಲ್ಲಿ ಉಪಪ್ರಧಾನಿಯಾಗಿ ಅದೇ ಖಾತೆಗೆ ಮರಳಿದಾಗ ಎರಡು ಬರಗಾಲ, ರೂಪಾಯಿ ಅಪಮೌಲ್ಯ ದೇಶವನ್ನು ಹಣ್ಣು ಮಾಡಿದ್ದವು. ಪಂಚವಾರ್ಷಿಕ ಯೋಜನೆಗೇ ಬಿಡುವು ಕೊಡಲಾಗಿತ್ತು. ಈ ಅವಧಿಯ ದೇಸಾಯಿ ತುಸು ಮೆತ್ತಗಾದವರು. 1968ರ ಬಜೆಟ್ಟಿನಲ್ಲಿ, ಸರಕು ಹೊರಬೀಳುವ ಮುನ್ನ ಕಾರ್ಖಾನೆ ಬಾಗಿಲಲ್ಲೇ ಅಬಕಾರಿ ಅಧಿಕಾರಿ ನಿಂತು ಸುಂಕ ನಿಗದಿ ಮಾಡುವ ಪದ್ಧತಿ ಸಡಿಲಿಸಿ, ತಯಾರಕರೇ ಸುಂಕ ಲೆಕ್ಕಹಾಕಲು ಬಿಟ್ಟರು. ಅವರ ಹೆಸರಿಗೆ ಅಂಟಿದ ಗಡುಸುತನಕ್ಕೆ ಹೊಂದದ ಕ್ರಮವಿದು. ಬಹುಶಃ ಅದಕ್ಕೇ ಕಡಿಮೆ ಜನ ನೆನೆಯುತ್ತಾರೆ.

ಬ್ಯಾಂಕುಗಳ ವಿಷಯದಲ್ಲಿ ಅವರದು ನಡುದಾರಿ. ಒಡೆತನ ಖಾಸಗಿಯವರಲ್ಲೇ ಇರಲಿ, ಸಾಲ ಮಾತ್ರ ಕೃಷಿಗೂ ಸಣ್ಣ ಕೈಗಾರಿಕೆಗೂ ಹರಿಯಲಿ ಎನ್ನುವ ‘ಸಾಮಾಜಿಕ ನಿಯಂತ್ರಣ’ವನ್ನು ಅವರು ಕಾನೂನಾಗಿಸಿದರು. ಅದರ ಫಲ ಕಾಣುವಷ್ಟು ಕಾಲ ಸಿಗಲಿಲ್ಲ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ, ಎಸ್. ನಿಜಲಿಂಗಪ್ಪನವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಮಹಾಸಮಿತಿ ಅಧಿವೇಶನಕ್ಕೆ ಇಂದಿರಾ ಗಾಂಧಿ ಕಳಿಸಿದ ಟಿಪ್ಪಣಿಯಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಮಾತಿತ್ತು. ಜುಲೈ 16ರಂದು ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಳ್ಳಲಾಯಿತು. ಅವರು ಸಂಪುಟದಿಂದಲೇ ಹೊರನಡೆದರು. 19ರಂದು ಸುಗ್ರೀವಾಜ್ಞೆ ಬಂದು 14 ಬ್ಯಾಂಕುಗಳು ಸರ್ಕಾರದ ವಶವಾದವು. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು. ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಠೇವಣಿ ಕೂಡಿಸುತ್ತಿದ್ದ ಸಿಂಡಿಕೇಟ್ ಬ್ಯಾಂಕಿಗೆ ಜನಸಾಮಾನ್ಯರ ಬಳಿ ಹೋಗೆಂದು ದೆಹಲಿ ಹೇಳಿಕೊಡಬೇಕಿರಲಿಲ್ಲ.

ಪ್ರಧಾನಿಯಾಗಿ (1977–79) ಅವರ ಕೈಯಲ್ಲಿ ಖಜಾನೆ ನೇರವಾಗಿ ಇರಲಿಲ್ಲ, ಎಚ್.ಎಂ. ಪಟೇಲ್, ಬಳಿಕ ಚರಣ್ ಸಿಂಗ್ ನೋಡಿಕೊಂಡರು. ಅವರ ಜನತಾ ಪಕ್ಷದ ಸರ್ಕಾರ ಸಣ್ಣ ಕೈಗಾರಿಕೆಗೆ ಮೀಸಲಾದ ವಸ್ತುಗಳ ಪಟ್ಟಿ ಹಿಗ್ಗಿಸಿತು, ‘ಕೂಲಿಗಾಗಿ ಕಾಳು’ ಯೋಜನೆ ತಂದಿತು. ದೇಸಾಯಿಯವರ ಛಾಪು ಹೆಚ್ಚಾಗಿ ಕಾಣುವುದು ಎರಡು ಕಡೆ. ದೇಶಾದ್ಯಂತ ಹಂತಹಂತವಾಗಿ ಪಾನನಿಷೇಧ ತರಲು ಹೊರಟದ್ದು ಒಂದು. 1978ರ ಜನವರಿ 16ರಂದು 1,000, 5,000 ಮತ್ತು 10,000 ರೂಪಾಯಿ ನೋಟುಗಳನ್ನು ರದ್ದು ಮಾಡಿದ್ದು ಇನ್ನೊಂದು. ರಿಸರ್ವ್ ಬ್ಯಾಂಕ್ ಗವರ್ನರ್ ಐ.ಜಿ. ಪಟೇಲ್ ಅವರಿಗೆ ಇದರಿಂದ ಕಪ್ಪುಹಣ ಬಯಲಾಗುವ ನಂಬಿಕೆ ಇರಲಿಲ್ಲ. ಹೆಚ್ಚಿನ ಜನ ಆ ನೋಟುಗಳನ್ನು ಕಂಡೇ ಇರಲಿಲ್ಲವಾದ್ದರಿಂದ, ಚಿನ್ನದ ವಿಷಯದಲ್ಲಿ ಎದ್ದಂಥ ಹುಯಿಲು ಏಳಲಿಲ್ಲ.

ದೇಸಾಯಿ ಎರಡನೆಯ ಬಾರಿ ಹಣಕಾಸು ಸಚಿವರಾಗಿದ್ದಾಗ, 1968ರಲ್ಲಿ, ಶಾಶ್ವತ ಕಾಯ್ದೆಯ ರೂಪ ಪಡೆದಿದ್ದ ಚಿನ್ನ ನಿಯಂತ್ರಣ ರದ್ದಾದದ್ದು 1990ರಲ್ಲಿ. ಆಗ ಅವರಿಗೆ 94 ವರ್ಷ.