ಅಬ್ಬಾ

(ಅರಮಾಯಿಕ್) ಅಪ್ಪ. ಯೇಸುವಿನ ಆಡುನುಡಿಯಲ್ಲಿ ಮಕ್ಕಳೂ ಬೆಳೆದವರೂ ತಂದೆಯನ್ನು ಕರೆಯುತ್ತಿದ್ದ ಮಾತು. ಕನ್ನಡದ ‘ಅಪ್ಪ’ನಂತೆ ಕೇಳಿಸಿದರೂ ಸೆಮಿಟಿಕ್ ಕುಲದ ಈ ಪದಕ್ಕೂ ಅದಕ್ಕೂ ನಂಟಿಲ್ಲ.

ಗ್ರೀಕ್‌ನಲ್ಲಿ ಬರೆದ ಹೊಸ ಒಡಂಬಡಿಕೆಯಲ್ಲಿ ಇದು ಮೂರೇ ಕಡೆ ಬರುತ್ತದೆ: ಮಾರ್ಕ 14:36, ರೋಮಾಪುರದವರಿಗೆ 8:15, ಗಲಾತ್ಯದವರಿಗೆ 4:6. ಮೊದಲನೆಯದು ಬಂಧನಕ್ಕೆ ಮುನ್ನ ಗೆತ್ಸೇಮನೆ ತೋಟದಲ್ಲಿ ಯೇಸು ಸಂಕಟದಿಂದ ಮಾಡಿದ ಪ್ರಾರ್ಥನೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಈ ಕರೆಯನ್ನು ಭಯದ ಎದುರಿಗಿಡುತ್ತಾನೆ: ಅಂಜಿಕೆ ಗುಲಾಮನದು, ‘ಅಬ್ಬಾ’ ದತ್ತುಮಗನದು. ರೋಮನ್ ಕಾನೂನಿನಲ್ಲಿ ದತ್ತುಮಗನೂ ವಾರಸುದಾರನೇ ಆದ್ದರಿಂದ ಓದುಗರಿಗೆ ಈ ಮಾತಿನ ತೂಕ ತಿಳಿದಿತ್ತು. ದೇವರನ್ನು ಹೀಗೆ ಕರೆಯಬಲ್ಲವನಿಗೆ ಶಿಕ್ಷೆಯ ಭಯ ಕಳಚುತ್ತದೆ, ಗೌರವ ಉಳಿಯುತ್ತದೆ. ಬೈಬಲ್ ಮೆಚ್ಚುವ ‘ದೇವಭಯ’ ಈ ಗೌರವವೇ.

ಕ್ರೈಸ್ತ ಮಠದ ಹಿರಿಯನನ್ನು ಸೂಚಿಸುವ ಇಂಗ್ಲಿಷಿನ ‘ಅಬಟ್’ ಕೂಡ ಇದೇ ಪದದಿಂದ ಬಂದಿದೆ.